ಹ್ಯಾಂಡ್‌ಬ್ರೇಕ್ ಸದ್ದು ಮಾಡ್ತಿದೆ, ಏನಾಗಿರ್ಬಹುದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಪಾರ್ಕಿಂಗ್ ಬ್ರೇಕ್ ಸದ್ದಿನ ಬಗ್ಗೇನೇ ಇದಾವೆ, ಹಾಗಾಗಿ ಎಂಜಿನ್ ಆಯಿಲ್, ಟೈರು, ಏಸಿ ಅಂತ ಕೇಳಿದವರು ಮುಂದಿನ ಸಂಚಿಕೆ ತನಕ ಕಾಯ್ಬೇಕು, ಬೇಜಾರು ಮಾಡ್ಕೋಬೇಡಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸದ್ದು ಹೇಗಿದೆ ಅಂತ ಎಲ್ಲರೂ ಚೆನ್ನಾಗಿ ಬರೀತೀರ, ಕಿರ್ ಅಂತೆ, ಟಪ್ ಅಂತೆ, ಗೊರಗೊರ ಅಂತೆ, ಆದ್ರೆ ಯಾವಾಗ ಬರತ್ತೆ ಅಂತ ಬರೆಯೋರು ಕಮ್ಮಿ. ನಿಜಕ್ಕೂ ಬೇಕಾಗಿರೋದು ಅದೇ. ಲಿವರ್ ಎಳೆಯುವಾಗ್ಲಾ, ಬಿಡುವಾಗ್ಲಾ, ಬಿಟ್ಟು ಗಾಡಿ ಕದಲಿದ ಕೂಡ್ಲೇನಾ, ಓಡ್ತಾ ಇರುವಾಗ್ಲಾ, ಇಲ್ಲಾ ನಿಲ್ಲಿಸಿ ಇಳಿದು ಹೋದ್ಮೇಲಾ? ಇದನ್ನ ಹೇಳಿದ್ರೆ ಮೆಕ್ಯಾನಿಕ್ ಎಲ್ಲಿ ಕೈ ಇಡಬೇಕು ಅನ್ನೋದು ಅರ್ಧ ತೀರ್ಮಾನ ಆದಂಗೆ.

ಪ್ರಶ್ನೆ: ನನ್ನ ಕಾರಲ್ಲಿ ಹ್ಯಾಂಡ್‌ಬ್ರೇಕ್ ಎಳೆದ್ರೆ ಮೊದಲು ಐದಾರು ಸಲ ಕಟಕಟ ಅಂತಿತ್ತು, ಈಗ ಹತ್ತು ಹನ್ನೊಂದು ಸಲ ಅನ್ನತ್ತೆ, ಆಮೇಲೇ ಹಿಡಿಯತ್ತೆ. ನಮ್ಮಣ್ಣ ಬೇರೆ, ಬಟನ್ ಒತ್ತಿಕೊಂಡೇ ಎಳೀಬೇಕು, ಹಾಗೆ ಸದ್ದು ಮಾಡಿದ್ರೆ ಹಲ್ಲು ಸವೆಯತ್ತೆ ಅಂತಾನೆ. ಯಾವುದು ಸರಿ?

ಕಟಕಟ ಅನ್ನೋದು ಇರಬೇಕಾದ ಸದ್ದೇ. ಲಿವರ್ ಬುಡದಲ್ಲಿ ಹಲ್ಲು ಹಲ್ಲಾಗಿರೋ ಒಂದು ಪಟ್ಟಿ ಇರತ್ತೆ, ಅದರ ಮೇಲೆ ಸ್ಪ್ರಿಂಗ್ ಒತ್ತಡದಲ್ಲಿ ಒಂದು ಕೊಕ್ಕೆ ಕೂತಿರತ್ತೆ, ಲಿವರ್ ಮೇಲೆ ಬಂದಂಗೆ ಕೊಕ್ಕೆ ಒಂದೊಂದೇ ಹಲ್ಲು ಹತ್ತಿ ಇಳಿಯತ್ತೆ, ಅದೇ ನೀವು ಕೇಳೋ ಕ್ಲಿಕ್. ತುದಿಯ ಬಟನ್ ಒತ್ತಿದ್ರೆ ಕೊಕ್ಕೆ ಮೇಲೇಳತ್ತೆ, ಸದ್ದಿರಲ್ಲ. ಬಟನ್ ಒತ್ತಿ ಎಳೆದ್ರೆ ಸವೆತ ಸ್ವಲ್ಪ ಕಮ್ಮಿ ಅನ್ನೋದು ನಿಜ, ಆದ್ರೆ ದಿನಾ ಕಟಕಟ ಅನಿಸಿದ್ರೂ ವರ್ಷಾನುಗಟ್ಲೆ ಬಾಳಿಕೆ ಬರೋ ಹಾಗೇ ಅದನ್ನ ಮಾಡಿರ್ತಾರೆ. ನನ್ನ ಕೇಳಿದ್ರೆ ಸದ್ದು ಬರ್ಲಿ ಬಿಡಿ. ಬಟನ್ ಒತ್ತಿ ಎಳೆಯೋರು ಲಿವರ್ ಕೈಲಿ ಹಿಡಿದಿರುವಾಗ್ಲೇ ಬಟನ್ ಬಿಟ್ಟು ಕೊಕ್ಕೆ ಕೂತಿದ್ಯಾ ಅಂತ ನೋಡ್ಬೇಕು, ಅವಸರದಲ್ಲಿ ಅದನ್ನ ಮರೆಯೋರೇ ಜಾಸ್ತಿ.

ನಿಮ್ಮ ವಿಷಯದಲ್ಲಿ ಯೋಚನೆ ಮಾಡ್ಬೇಕಾದ್ದು ಸದ್ದಲ್ಲ, ಲೆಕ್ಕ. ಎಷ್ಟು ಕ್ಲಿಕ್ ಇರಬೇಕು ಅಂತ ನಿಮ್ಮ ಕಾರಿನ ಪುಸ್ತಕದಲ್ಲೇ ಬರೆದಿರತ್ತೆ, ಸುಮಾರು 20 ಕೆಜಿ ಬಲದಲ್ಲಿ ಎಳೆದಾಗ ಇಷ್ಟರಿಂದ ಇಷ್ಟು ಅಂತ, ಬಹಳಷ್ಟು ಕಾರಲ್ಲಿ ಅದು 5ರಿಂದ 9ರ ಒಳಗೆ. ಹನ್ನೊಂದಕ್ಕೆ ಹೋಗಿದೆ ಅಂದ್ರೆ ಎರಡರಲ್ಲಿ ಒಂದು, ಇಲ್ಲಾ ಕೇಬಲ್ ಹಿಗ್ಗಿದೆ, ಇಲ್ಲಾ ಹಿಂದಿನ ಚಕ್ರದ ಬ್ರೇಕ್ ಶೂ (ಚಕ್ರದ ಜತೆ ತಿರುಗೋ ಡ್ರಮ್ಮಿನ ಒಳಮೈಗೆ ಒತ್ತಿ ಹಿಡಿಯೋ ಕಮಾನಿನಂಥ ತುಂಡು) ಸವೆದು ಡ್ರಮ್ಮಿಗೂ ಅದಕ್ಕೂ ಮಧ್ಯೆ ಜಾಗ ಜಾಸ್ತಿಯಾಗಿದೆ. ಇಲ್ಲೇ ಒಂದು ಎಚ್ಚರಿಕೆ. ಕೆಲವು ಕಡೆ ಗಾಡಿ ಬಿಟ್ಟ ಕೂಡ್ಲೇ ಲಿವರ್ ಕೆಳಗಿನ ನಟ್ ನಾಲ್ಕು ಸುತ್ತು ಬಿಗಿ ಮಾಡಿ, ಆಯ್ತು ತಗೊಂಡು ಹೋಗಿ ಅಂತಾರೆ. ಕ್ಲಿಕ್ ಕಮ್ಮಿ ಆಗಿರತ್ತೆ, ನಿಮಗೂ ಖುಷಿ. ಆದ್ರೆ ಕೇಬಲ್ ಬಿಗಿ ಜಾಸ್ತಿಯಾದ್ರೆ ಡ್ರಮ್ ಒಳಗಿನ ಲಿವರ್ ತನ್ನ ಜಾಗಕ್ಕೆ ಪೂರ್ತಿ ವಾಪಸ್ ಬರಲ್ಲ, ಆಗ ತಾನಾಗೇ ಅಡ್ಜಸ್ಟ್ ಆಗೋ ವ್ಯವಸ್ಥೆ ಕೆಲಸ ನಿಲ್ಲಿಸಿಬಿಡತ್ತೆ, ಶೂ ಸವೀತಾ ಹೋದಂಗೆ ಕಾಲಿನ ಬ್ರೇಕ್ ಕೂಡ ಕೆಳಕ್ಕೆ ಇಳಿಯತ್ತೆ. ಮೊದಲು ಡ್ರಮ್ ಬಿಚ್ಚಿ ಶೂ ಎಷ್ಟಿದೆ ನೋಡಿ, ಒಳಗಿನ ಅಡ್ಜಸ್ಟರ್ ಸರಿ ಮಾಡಿ, ಕೊನೆಗೆ ಕೇಬಲ್. ಈ ಕ್ರಮದಲ್ಲೇ ಮಾಡಿ ಅಂತ ಧೈರ್ಯವಾಗಿ ಕೇಳಿ, ಅದು ದುರಹಂಕಾರ ಅಲ್ಲ.

ಪ್ರಶ್ನೆ: ರಾತ್ರಿ ಮಳೆಯಲ್ಲಿ ನಿಂತಿದ್ದ ಕಾರು ಬೆಳಿಗ್ಗೆ ಹ್ಯಾಂಡ್‌ಬ್ರೇಕ್ ಬಿಟ್ಟು ಹೊರಟಾಗ ಹಿಂದಿನಿಂದ ಟಪ್ ಅಂತ ಜೋರಾಗಿ ಸದ್ದು ಬರತ್ತೆ, ಏನೋ ಮುರಿದಂಗೆ. ಆಮೇಲೆ ಇಡೀ ದಿನ ಏನೂ ಇಲ್ಲ. ಕಾರು ತೊಳೆದ ಮಾರನೇ ದಿನಾನೂ ಹೀಗೇ. ಯಾವುದಾದ್ರೂ ಪಾರ್ಟ್ ಹೋಗ್ತಿದ್ಯಾ?

ಮುರಿದಿಲ್ಲ ಸರ್, ಅಂಟಿಕೊಂಡಿತ್ತು ಅಷ್ಟೇ. ಡ್ರಮ್ ಆಗ್ಲಿ ಡಿಸ್ಕ್ (ಪ್ಯಾಡುಗಳು ಎರಡೂ ಕಡೆಯಿಂದ ಅಮುಕಿ ಹಿಡಿಯೋ ತಟ್ಟೆ) ಆಗ್ಲಿ ಎರಕದ ಕಬ್ಬಿಣದ್ದು, ಉಜ್ಜೋ ಮುಖಕ್ಕೆ ಪೇಂಟ್ ಇರಲ್ಲ, ನೀರು ಬಿದ್ದು ಕೆಲವು ಗಂಟೆ ಆದ್ರೆ ಸಾಕು ಕಿತ್ತಳೆ ಬಣ್ಣದ ತೆಳು ತುಕ್ಕು ಬಂದುಬಿಡತ್ತೆ. ಮಳೆ ಬಂದ ಮಾರನೇ ಬೆಳಿಗ್ಗೆ ಅಲಾಯ್ ಚಕ್ರದ ಸಂದಿಯಿಂದ ಡಿಸ್ಕ್ ನೋಡಿ, ಹಿಂದಿನ ದಿನ ಕನ್ನಡಿ ಥರ ಇದ್ದಿದ್ದು ಪೂರ್ತಿ ಕೆಂಪಾಗಿರತ್ತೆ, ಆದ್ರೆ ಪ್ಯಾಡ್ ಒತ್ತಿಕೊಂಡಿದ್ದ ಜಾಗದ ಅಚ್ಚು ಮಾತ್ರ ಬೇರೆ ಬಣ್ಣದಲ್ಲಿ ಎದ್ದು ಕಾಣತ್ತೆ. ಹ್ಯಾಂಡ್‌ಬ್ರೇಕ್ ಹಾಕಿದ್ರೆ ಒದ್ದೆಯಾದ ಶೂ ಇಡೀ ರಾತ್ರಿ ಅದೇ ಜಾಗಕ್ಕೆ ಒತ್ತಿಕೊಂಡಿರತ್ತೆ, ತುಕ್ಕು ಎರಡನ್ನೂ ಬೆಸೆದುಬಿಡತ್ತೆ, ಬೆಳಿಗ್ಗೆ ನೀವು ಲಿವರ್ ಇಳಿಸಿದ್ರೂ ಒಳಗಿನ ಸ್ಪ್ರಿಂಗಿಗೆ ಅದನ್ನ ಕೀಳೋ ಶಕ್ತಿ ಇರಲ್ಲ, ಎಂಜಿನ್ ಎಳೆದಾಗ ಟಪ್ ಅಂತ ಬಿಡತ್ತೆ. ಮೊದಲ ಎರಡು ಮೂರು ಸಲ ಬ್ರೇಕ್ ಒತ್ತಿದಾಗ ಕರಕರ ಅಂತ ಬರೋದೂ ಇದೇ ತುಕ್ಕು ಉಜ್ಜಿ ಹೋಗೋ ಸದ್ದು, ಅದು ನಿಂತರೆ ಚಿಂತೆ ಬೇಡ.

ತಪ್ಪಿಸೋದು ಸುಲಭ. ಕಾರು ತೊಳೆದ ಕೂಡ್ಲೇ ತಂದು ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸ್ಬೇಡಿ, ಒಂದು ಸುತ್ತು ಹೋಗಿ ನಿಧಾನಕ್ಕೆ ನಾಲ್ಕೈದು ಸಲ ಬ್ರೇಕ್ ಒತ್ತಿ, ಆ ಬಿಸಿಗೆ ನೀರು ಆರಿ ಹೋಗತ್ತೆ. ವಾರಗಟ್ಲೆ ಊರಿಗೆ ಹೋಗೋರು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರಲ್ಲಿ ಬಿಟ್ಟು, ಆಟೋಮ್ಯಾಟಿಕ್ ಆದ್ರೆ ಪಿ (ಪಾರ್ಕಿಂಗ್) ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ (ಉರುಳದಂಗೆ ಅಡ್ಡ ಇಡೋ ಕಲ್ಲೋ ಮರದ ತುಂಡೋ) ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿ ಹೋಗೋದು ಒಳ್ಳೇದು. ಇಳಿಜಾರಲ್ಲಿ ಮಾತ್ರ ಈ ಬುದ್ಧಿವಂತಿಕೆ ಬೇಡವೇ ಬೇಡ, ಅಲ್ಲಿ ಹ್ಯಾಂಡ್‌ಬ್ರೇಕ್ ಇರಲೇಬೇಕು, ಟಪ್ ಅಂದ್ರೆ ಅನ್ಲಿ. ನೀರು ಹೆಪ್ಪುಗಟ್ಟೋ ಚಳಿ ಇರೋ ಕಡೆ ಕೇಬಲ್ ಒಳಗೆ ಸೇರಿದ ನೀರೂ ಗಟ್ಟಿಯಾಗಿ ಬ್ರೇಕ್ ಬಿಡದೇ ಇರೋದುಂಟು, ಅಲ್ಲೂ ಇದೇ ಉಪಾಯ.

ತೀರಾ ಅಂಟಿಕೊಂಡು ಗಾಡಿ ಕದಲ್ದೇ ಇದ್ರೆ ಆಕ್ಸಿಲರೇಟರ್ ತುಳಿದು ಕಿತ್ತುಕೊಳ್ಳಕ್ಕೆ ಹೋಗ್ಬೇಡಿ. ಒಂದ್ಸಲ ಮುಂದೆ, ಒಂದ್ಸಲ ರಿವರ್ಸ್, ನಿಧಾನಕ್ಕೆ ಅಲ್ಲಾಡಿಸಿ. ಬಲವಂತ ಮಾಡಿದ್ರೆ ಶೂ ಮೇಲೆ ಅಂಟಿಸಿರೋ ಲೈನಿಂಗ್ ಕಬ್ಬಿಣದಿಂದ ಕಿತ್ತು ಡ್ರಮ್ ಒಳಗೇ ಉಳಿಯತ್ತೆ, ಆಮೇಲೆ ಒಳಗೆ ಕಳಕಳ ಅಂತ ಓಡಾಡ್ತಿರತ್ತೆ, ಕೆಲವು ಸಲ ಚಕ್ರಾನೇ ಕಚ್ಚಿಕೊಳ್ಳತ್ತೆ. ಹಾಗಾಗಿ ಟಪ್ ಆದ್ಮೇಲೆ ಸದ್ದು ನಿಂತ್ರೆ ಸರಿ, ಕಳಕಳ ಶುರುವಾದ್ರೆ ಅವತ್ತೇ ಡ್ರಮ್ ಬಿಚ್ಚಿಸಿ.

ಪ್ರಶ್ನೆ: ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ್ರೂ ಹಿಂದಿನ ಎಡಗಡೆ ಚಕ್ರದಿಂದ ಸರ್... ಸರ್... ಅಂತ ಚಕ್ರ ತಿರುಗಿದಂಗೆ ಸದ್ದು. ಸ್ಪೀಡ್ ಆದ್ರೆ ಬೇಗ ಬೇಗ ಬರತ್ತೆ. ಒಬ್ಬರು ಬೇರಿಂಗ್ ಅಂತಾರೆ, ಒಬ್ಬರು ಹ್ಯಾಂಡ್‌ಬ್ರೇಕ್ ಹಿಡ್ಕೊಂಡಿದೆ ಅಂತಾರೆ. ನನಗೆ ತಲೆ ಕೆಟ್ಟಿದೆ.

ಮೇಡಂ, ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ, ಈ ಸದ್ದಿಗೆ ಕಾರಣಗಳು ತುಂಬಾ ಇದಾವೆ, ಒಂದೊಂದಾಗಿ ತಳ್ಳಿಹಾಕ್ತಾ ಹೋಗೋಣ.

ಮೊದಲನೇದು ಬಿಸಿ. ಬ್ರೇಕ್ ಹೆಚ್ಚು ಬಳಸದೆ ಒಂದಷ್ಟು ದೂರ ಹೋಗಿ ಬನ್ನಿ, ನಿಲ್ಲಿಸಿ ಇಳಿದು ಹಿಂದಿನ ಎರಡೂ ಚಕ್ರದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ, ಸುಡತ್ತೆ. ಬಲಗಡೆ ಉಗುರು ಬೆಚ್ಚಗೆ, ಎಡಗಡೆ ಕೈ ಒಡ್ಡಕ್ಕೆ ಆಗದಷ್ಟು ಝಳ, ಜತೆಗೆ ಸುಟ್ಟ ಕಮಟು ವಾಸನೆ ಅಂದ್ರೆ ಬ್ರೇಕ್ ಹಿಡ್ಕೊಂಡೇ ಓಡ್ತಿದೆ ಅಂತ ತಿಳ್ಕೊಳ್ಳಿ. ಲಿವರ್‌ನಿಂದ ಹೋಗೋ ಎಳೆತ ಎರಡು ಕೇಬಲ್ಲಿಗೆ ಹಂಚಿಕೆ ಆಗತ್ತೆ, ಎಡಕ್ಕೊಂದು ಬಲಕ್ಕೊಂದು. ಹೊರಗಿನ ಕವಚ ಎಲ್ಲೋ ಒಂದು ಕಡೆ ಹರಿದು ನೀರು ಮಣ್ಣು ಸೇರಿ ಒಳಗಿನ ತಂತಿ ತುಕ್ಕು ಹಿಡಿದಿದ್ರೆ ನಿಮ್ಮ ಕೈಯ ಶಕ್ತಿಗೆ ಎಳೆಯೋವಾಗ ಬರತ್ತೆ, ಬಿಟ್ಟಾಗ ವಾಪಸ್ ಹೋಗಲ್ಲ. ಸಾಮಾನ್ಯವಾಗಿ ಒಂದೇ ಕಡೆ ಹೀಗಾಗತ್ತೆ, ಅದಕ್ಕೇ ಒಂದೇ ಚಕ್ರ ಬಿಸಿ. ಹಿಂದೆ ಡಿಸ್ಕ್ ಇರೋ ಕಾರಲ್ಲಿ ಕ್ಯಾಲಿಪರ್ (ಪ್ಯಾಡುಗಳನ್ನ ಡಿಸ್ಕಿಗೆ ಅಮುಕೋ ಭಾಗ) ಮೇಲೆ ಕೇಬಲ್ ಸಿಕ್ಕಿಸೋ ಒಂದು ಚಿಕ್ಕ ತೋಳು ಇರತ್ತೆ, ಹ್ಯಾಂಡ್‌ಬ್ರೇಕ್ ಬಿಟ್ಟಾಗ ಸ್ಪ್ರಿಂಗ್ ಅದನ್ನ ತಡೆಗೆ ತಾಗೋ ತನಕ ಹಿಂದಕ್ಕೆ ತಳ್ಳಬೇಕು, ಅದು ತುಕ್ಕಿಗೆ ಬಿಗಿದು ಅರ್ಧಕ್ಕೇ ನಿಂತ್ರೂ ಇದೇ ಕಥೆ. ಕೇಬಲ್ ತುಕ್ಕು ಹಿಡಿದಿದ್ರೆ ಎಣ್ಣೆ ಬಿಟ್ಟು ಸರಿ ಮಾಡಿಸ್ಕೊಬೇಡಿ, ಕೆಲವು ದಿನ ಚೆನ್ನಾಗಿದ್ದು ಮತ್ತೆ ಹಿಡಿಯತ್ತೆ, ಬದಲಾಯಿಸಿಬಿಡಿ.

ಬಿಸಿ ಎರಡೂ ಕಡೆ ಒಂದೇ ಥರ ಇದ್ರೆ ಬೇರೆ ಕಡೆ ನೋಡ್ಬೇಕು. ಡಿಸ್ಕ್ ಹಿಂದೆ ತೆಳು ತಗಡಿನ ಒಂದು ಮರೆ ಇರತ್ತೆ, ಧೂಳು ನೀರು ಎರಚದೇ ಇರ್ಲಿ ಅಂತ. ಜಲ್ಲಿ ರಸ್ತೇಲಿ ಹೋದಾಗ ಕಡಲೆಯಷ್ಟು ಕಲ್ಲು ಆ ತಗಡಿಗೂ ಡಿಸ್ಕಿಗೂ ಮಧ್ಯೆ ಸಿಕ್ಕಿಕೊಂಡ್ರೆ ಬರೋ ಕೀಚಲು ಸದ್ದಿಗೆ ಗಾಬರಿ ಆಗದವರಿಲ್ಲ, ಕಾರೇ ಬಿಚ್ಚಿ ಬೀಳ್ತಿದೆ ಅನ್ಸತ್ತೆ. ರಿವರ್ಸಲ್ಲಿ ಸ್ವಲ್ಪ ದೂರ ಹೋದ್ರೆ ಎಷ್ಟೋ ಸಲ ತಾನೇ ಬಿದ್ದು ಹೋಗತ್ತೆ. ಟೈರ್ ಬದಲಾಯಿಸುವಾಗ ತಗಡು ಬಗ್ಗಿದ್ರೆ ಅದೇ ಡಿಸ್ಕಿಗೆ ಸವರಿಕೊಂಡು ಸರ್ ಸರ್ ಅನ್ನತ್ತೆ, ಅದನ್ನ ಕೈಯಲ್ಲೇ ಬಗ್ಗಿಸಬಹುದು. ಪ್ಯಾಡ್ ಸವೆದು 2-3 ಮಿಲಿಮೀಟರ್ ಉಳಿದಾಗ ಡಿಸ್ಕಿಗೆ ತಾಗಲಿ ಅಂತಲೇ ಕೆಲವು ಪ್ಯಾಡಿಗೆ ಚಿಕ್ಕ ಲೋಹದ ನಾಲಿಗೆ ಇಟ್ಟಿರ್ತಾರೆ, ಅದರ ದನಿ ಸಣ್ಣಗೆ, ಕಿವಿ ಚುಚ್ಚೋ ಹಾಗೆ, ಕಾಲಿನ ಬ್ರೇಕ್ ಒತ್ತಿದ್ರೆ ಎಷ್ಟೋ ಸಲ ನಿಲ್ಲತ್ತೆ. ಡ್ರಮ್ಮಿನಲ್ಲಿ ಇಂಥ ಎಚ್ಚರಿಕೆ ಸಾಮಾನ್ಯವಾಗಿ ಇರಲ್ಲ, ಶೂ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗಿದಾಗ್ಲೇ ಗೊತ್ತಾಗೋದು, ಅಷ್ಟೊತ್ತಿಗೆ ಡ್ರಮ್ಮೂ ಹಾಳು.

ಬೇರಿಂಗಾ ಬ್ರೇಕಾ ಅಂತ ತಿಳಿಯಕ್ಕೆ ಒಂದು ಪರೀಕ್ಷೆ ಇದೆ, ಕೈ ಲಿವರ್ ಇರೋ ಕಾರಿಗೆ ಮಾತ್ರ. ಯಾರೂ ಇಲ್ಲದ ಬಯಲಲ್ಲಿ, ಒಣ ನೆಲದಲ್ಲಿ, ನಡೆದು ಹೋಗೋ ವೇಗದಲ್ಲಿ, ಬಟನ್ ಒತ್ತಿ ಹಿಡ್ಕೊಂಡೇ ಲಿವರನ್ನ ಸ್ವಲ್ಪವೇ ಸ್ವಲ್ಪ ಮೇಲೆತ್ತಿ. ಸದ್ದು ಬದಲಾದ್ರೆ, ಜಾಸ್ತಿ ಆದ್ರೂ ಸರಿ ನಿಂತ್ರೂ ಸರಿ, ಹಿಂದಿನ ಬ್ರೇಕಿನ ಕಡೆ ಅನುಮಾನ ಪಡಿ. ಏನೂ ಬದಲಾಗದೆ, ತಿರುವಿನಲ್ಲಿ ಒಂದು ಕಡೆ ವಾಲಿದಾಗ ಹೂಂಕಾರ ಜೋರಾದ್ರೆ ಬೇರಿಂಗ್ ಅಂದವರೇ ಗೆದ್ರು. ವೇಗದಲ್ಲಿ ಈ ಪರೀಕ್ಷೆ ಮಾಡಿದ್ರೆ ಹಿಂದಿನ ಚಕ್ರ ಕಚ್ಚಿ ಕಾರು ಗಿರಕಿ ಹೊಡೆಯತ್ತೆ, ಮಾಡ್ಬೇಡಿ. ಮತ್ತೆ, ಚಕ್ರ ಬಿಸಿಯಾಗಿ ವಾಸನೆ ಬರ್ತಿದ್ರೆ ಇದ್ಯಾವ ಪರೀಕ್ಷೇನೂ ಬೇಡ, ಗಾಡಿ ಓಡಿಸೋದು ನಿಲ್ಲಿಸಿ.

ಪ್ರಶ್ನೆ: ಹೊಸ ಕಾರು ತಗೊಂಡಿದ್ದೀವಿ, ಇದರಲ್ಲಿ ಲಿವರ್ ಇಲ್ಲ, ಬಟನ್. ಒತ್ತಿದ್ರೆ ಹಿಂದೆ ಜುಯ್ಯ್ ಅಂತ ಸದ್ದು. ಅದು ಹೋಗ್ಲಿ, ಮೊನ್ನೆ ಇಳಿಜಾರಲ್ಲಿ ನಿಲ್ಲಿಸಿ ಲಾಕ್ ಮಾಡಿ ಇಳಿದು ಮಾತಾಡ್ತಾ ನಿಂತಿದ್ವಿ, ಸ್ವಲ್ಪ ಹೊತ್ತಾದ್ಮೇಲೆ ಕಾರಲ್ಲಿ ಯಾರೂ ಇಲ್ದಿದ್ರೂ ಅದೇ ಸದ್ದು ಬಂತು! ನಮ್ಮತ್ತೆ ಈಗ ಆ ಕಾರು ಹತ್ತಲ್ಲ ಅಂತಿದಾರೆ.

ನಿಮ್ಮತ್ತೆಯವರಿಗೆ ಹೇಳಿ, ಕಾರು ನಿಮಗಿಂತ ಜವಾಬ್ದಾರಿಯಿಂದ ನಡ್ಕೊಂಡಿದೆ ಅಂತ. 2001ರ ಹೊತ್ತಿಗೆ ದೊಡ್ಡ ಕಾರುಗಳಲ್ಲಿ ಕಾಣಿಸಿಕೊಂಡ ವ್ಯವಸ್ಥೆ ಇದು, ಈಗ ಚಿಕ್ಕ ಕಾರಿಗೂ ಬಂದಿದೆ. ಬಹಳ ಕಾರಲ್ಲಿ ಹಿಂದಿನ ಎರಡು ಕ್ಯಾಲಿಪರಿಗೂ ಒಂದೊಂದು ಪುಟ್ಟ ಮೋಟರ್ ಕಟ್ಟಿರ್ತಾರೆ. ಮೋಟರ್ ತಿರುಗಿದ್ದನ್ನ ಗೇರುಗಳು ನಿಧಾನ ಮಾಡಿ ಒಂದು ಸ್ಕ್ರೂ ತಿರುಗಿಸ್ತಾವೆ, ಸ್ಕ್ರೂ ಪಿಸ್ಟನ್ನನ್ನ ತಳ್ಳತ್ತೆ, ಪ್ಯಾಡು ಡಿಸ್ಕನ್ನ ಟನ್ನಿಗೂ ಮೀರಿದ ಬಲದಲ್ಲಿ ಅಮುಕತ್ತೆ. ಕಿವಿಗೊಟ್ಟು ಕೇಳಿ, ಜುಯ್ಯ್ ಅಂತ ಹಗುರಾಗಿ ಶುರುವಾಗಿ ಕೊನೆಗೆ ದನಿ ಇಳಿದು ಭಾರವಾಗಿ ಟಕ್ ಅಂತ ನಿಲ್ಲತ್ತೆ. ಪ್ಯಾಡು ಡಿಸ್ಕಿಗೆ ತಾಗಿದಾಗ ಮೋಟರಿಗೆ ಕಷ್ಟ ಆಗತ್ತೆ, ಜಾಸ್ತಿ ಕರೆಂಟ್ ಎಳೆಯತ್ತೆ, ಅದನ್ನ ಅಳೆದು ಕಂಪ್ಯೂಟರ್ ಸಾಕು ಅಂತ ನಿಲ್ಲಿಸತ್ತೆ. ಆ ದನಿ ಭಾರ ಆಗೋದೇ ಬ್ರೇಕ್ ಹಿಡಿದಿದೆ ಅನ್ನೋದರ ಗುರುತು.

ಇನ್ನು ದೆವ್ವದ ವಿಷಯ. ನೀವು ಬ್ರೇಕ್ ಹೊಡೀತಾ ಬಂದು ನಿಲ್ಲಿಸಿದಾಗ ಡಿಸ್ಕ್ ಕಾದು ಹಿಗ್ಗಿರತ್ತೆ. ಆಗ ಬಿಗಿದ ಬ್ರೇಕು ಡಿಸ್ಕ್ ತಣ್ಣಗಾಗಿ ಕುಗ್ಗಿದ ಮೇಲೆ ಅಷ್ಟೇ ಬಿಗಿಯಾಗಿ ಉಳಿಯಲ್ಲ. ಹಾಗಾಗಿ ಕೆಲವು ನಿಮಿಷ ಬಿಟ್ಟು ಕಾರು ತಾನೇ ಇನ್ನೊಂದ್ಸಲ ಬಿಗಿ ಮಾಡ್ಕೊಳ್ಳತ್ತೆ. ಕೈ ಲಿವರ್ ಕಾರಲ್ಲಿ ಡಿಸ್ಕ್ ಬ್ರೇಕ್ ಇದ್ದಾಗ ಈ ಕೆಲಸ ಮಾಡೋರು ಯಾರೂ ಇಲ್ಲ, ಅದಕ್ಕೇ ಇಳಿಜಾರಲ್ಲಿ ಗೇರ್ ಹಾಕಿ ನಿಲ್ಲಿಸಿ ಅಂತ ಬಾಯಿ ಬಡ್ಕೊಳ್ಳೋದು.

ಯಾವಾಗ ಯೋಚನೆ ಮಾಡ್ಬೇಕು ಅಂದ್ರೆ, ಒಂದು ಕಡೆಯಿಂದ ಸದ್ದೇ ಇಲ್ಲ, ಅಥವಾ ದನಿ ಭಾರ ಆಗದೆ ಒಂದೇ ಸಮ ಹಗುರಾಗಿ ತುಂಬಾ ಹೊತ್ತು ತಿರುಗಿದಂಗೆ ಕೇಳತ್ತೆ, ಅಥವಾ ಹಲ್ಲು ಜಾರಿದಂಗೆ ಟಕಟಕಟಕ ಅನ್ನತ್ತೆ. ಒಳಗಿನ ಗೇರೋ ಬೆಲ್ಟೋ ಹೋಗಿರ್ಬಹುದು, ಮೀಟರಲ್ಲಿ ದೀಪಾನೂ ಬಂದಿರತ್ತೆ. ಇನ್ನೊಂದು ಮುಖ್ಯ ವಿಷಯ, ಇಂಥ ಕಾರಿಗೆ ಹಿಂದಿನ ಪ್ಯಾಡ್ ಹಾಕೋ ಮುಂಚೆ, ರಿಪೇರಿಗಂತಲೇ ಇರೋ ಸರ್ವಿಸ್ ಮೋಡಿಗೆ ಹಾಕಿ ಮೋಟರನ್ನ ಹಿಂದಕ್ಕೆ ತರಬೇಕು, ಸುಮ್ನೆ ಕ್ಲಾಂಪ್ ಹಾಕಿ ಪಿಸ್ಟನ್ ಒಳಗೆ ತಳ್ಳಿದ್ರೆ ಸ್ಕ್ರೂ, ಗೇರು ಎಲ್ಲಾ ಹಾಳಾಗತ್ತೆ. ಪ್ಯಾಡ್ ಹಾಕಿಸಿದ ಮೇಲೆ ಶುರುವಾದ ಟಕಟಕ ಅಂದ್ರೆ ನನಗೆ ಮೊದಲು ಬರೋ ಅನುಮಾನ ಇದೇ.

ಪ್ರಶ್ನೆ: ಆಟೋಮ್ಯಾಟಿಕ್ ಕಾರು. ಇಳಿಜಾರಲ್ಲಿ ನಿಲ್ಲಿಸಿದ್ದು ತೆಗೆಯುವಾಗ ಪಿ ಇಂದ ಗೇರ್ ಸರಿಸಿದ್ರೆ ಧಡ್ ಅಂತ ಹೊಡೆತ. ಹ್ಯಾಂಡ್‌ಬ್ರೇಕ್ ಹಾಕಿಯೇ ನಿಲ್ಲಿಸ್ತೀನಿ.

ಹಾಕ್ತೀರ, ಆದ್ರೆ ಪಿ ಹಾಕಿ ಕಾಲು ತೆಗೆದ ಮೇಲೆ ಹಾಕ್ತೀರ ಅನ್ಸತ್ತೆ. ಗೇರ್‌ಬಾಕ್ಸ್ ಒಳಗೆ ಹಲ್ಲಿನ ಚಕ್ರಕ್ಕೆ ಬೆರಳಿನಂಥ ಒಂದು ಕೊಕ್ಕೆ ಸಿಕ್ಕಿಕೊಳ್ಳೋದೇ ಪಿ. ಕಾಲು ತೆಗೆದ ಕೂಡ್ಲೇ ಕಾರು ಒಂದಿಷ್ಟು ಜಾರಿ ಪೂರ್ತಿ ಭಾರ ಆ ಕೊಕ್ಕೆ ಮೇಲೆ ಕೂರತ್ತೆ, ಆಮೇಲೆ ಎಳೆದ ಹ್ಯಾಂಡ್‌ಬ್ರೇಕಿಗೆ ಹೊರೋಕೆ ಏನೂ ಉಳಿದಿರಲ್ಲ. ತೆಗೆಯುವಾಗ ಭಾರ ಹೊತ್ತ ಕೊಕ್ಕೆ ಬಲವಂತವಾಗಿ ಕಿತ್ತು ಬರತ್ತೆ, ಧಡ್.

ಕ್ರಮ ಹೀಗಿರ್ಲಿ: ಕಾಲಿನ ಬ್ರೇಕ್ ಒತ್ತಿ ನಿಂತು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೀರಿ, ಕಾಲನ್ನ ನಿಧಾನಕ್ಕೆ ಸಡಿಲಿಸಿ ಕಾರು ಹ್ಯಾಂಡ್‌ಬ್ರೇಕ್ ಮೇಲೆ ಕೂರಕ್ಕೆ ಬಿಡಿ, ಮತ್ತೆ ಕಾಲು ಒತ್ತಿ ಪಿ ಹಾಕಿ. ತೆಗೆಯುವಾಗ ಕಾಲು ಒತ್ತಿ ಮೊದಲು ಪಿ ಬಿಡಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಧಡ್ ಹೋಗತ್ತೆ. ಹೋಗದಿದ್ರೆ ಹ್ಯಾಂಡ್‌ಬ್ರೇಕ್ ಹಿಡಿತಾನೇ ಕಮ್ಮಿ ಇದೆ ಅಂತ ಅರ್ಥ.

ಪ್ರಶ್ನೆ: ಏರಿನಲ್ಲಿ ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಬಿಡುವಾಗ ಗೊರ್ರ್ ಅಂತ ನರಳಿದ ಹಾಗೆ ಸದ್ದು ಬರತ್ತೆ.

ಅರ್ಧ ಬಿಟ್ಟ ಬ್ರೇಕಿನ ಸದ್ದು ಅದು. ಪ್ಯಾಡ್ ಡಿಸ್ಕನ್ನ ಹಿಡಿಯತ್ತೆ, ಜಾರತ್ತೆ, ಮತ್ತೆ ಹಿಡಿಯತ್ತೆ, ಕ್ಷಣಕ್ಕೆ ಎಷ್ಟೋ ಸಲ ಹೀಗಾದಾಗ ಕಾರಿನ ತಳವೆಲ್ಲ ನಡುಗಿ ಗೊರ್ ಅನ್ನತ್ತೆ, ಎಣ್ಣೆ ಕಾಣದ ಬಾಗಿಲು ಕಿರುಗುಟ್ಟೋದೂ ಹೀಗೇ. ತೇವ ಇದ್ದ ಬೆಳಿಗ್ಗೆ ಜಾಸ್ತಿ. ಕೆಡೋದೇನಿಲ್ಲ, ಅರ್ಧದಲ್ಲೇ ಹಿಡ್ಕೊಂಡಿರದೆ ಒಂದೇ ಸಲಕ್ಕೆ ಪೂರ್ತಿ ಬಿಡೋ ಅಭ್ಯಾಸ ಮಾಡ್ಕೊಳ್ಳಿ.

ಪ್ರಶ್ನೆ: ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಕೆಂಪು ದೀಪ ಹತ್ತಿ ಬೀಪ್ ಅನ್ನತ್ತೆ, ಆಮೇಲೆ ಆರತ್ತೆ. ಲಿವರ್ ಸ್ವಿಚ್ ಹೋಗಿದ್ಯಾ?

ಸ್ವಿಚ್ ಬಗ್ಗೆ ಆಮೇಲೆ ನೋಡಿದ್ರಾಯ್ತು, ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಬಹಳಷ್ಟು ಕಾರಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದೆ ಅನ್ನೋದಕ್ಕೂ ಬ್ರೇಕ್ ಆಯಿಲ್ ಕಮ್ಮಿ ಇದೆ ಅನ್ನೋದಕ್ಕೂ ಒಂದೇ ದೀಪ. ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲಿದಾಗ ದೀಪ ಹತ್ತತ್ತೆ ಅಂದ್ರೆ ಅದು ಕೆಳಗಿನ ಗೆರೆ ಹತ್ತಿರಕ್ಕೆ ಇಳಿದಿದೆ. ಪ್ಯಾಡ್ ಸವೆದು ಇಳಿದಿರ್ಬಹುದು, ಎಲ್ಲೋ ಸೋರ್ತಿರ್ಬಹುದು. ಸುಮ್ನೆ ತುಂಬಿಸಿ ಮರೀಬೇಡಿ, ಎಲ್ಲಿ ಹೋಯ್ತು ಅಂತ ಹುಡುಕ್ಸಿ. ಇವತ್ತೇ.

ಪ್ರಶ್ನೆ: ನನ್ನ ಕಾರಿಗೆ ಹಿಂದೆ ಡಿಸ್ಕ್ ಇದೆ, ಆದ್ರೂ ಹ್ಯಾಂಡ್‌ಬ್ರೇಕ್ ಶೂ ಹಾಕಿದ್ದೀವಿ ಅಂತ ಗ್ಯಾರೇಜಲ್ಲಿ ಬಿಲ್ ಕೊಟ್ಟಿದಾರೆ. ಡಿಸ್ಕಿಗೆ ಎಲ್ಲಿಂದ ಬಂತು ಶೂ? ಹಾಕಿದ ಮೇಲೆ ಕಿರ್ ಕಿರ್ ಅಂತಿದೆ, ಕೇಳಿದ್ರೆ ಓಡ್ತಾ ಓಡ್ತಾ ಸೆಟ್ ಆಗತ್ತೆ ಅಂತಾರೆ.

ಬಿಲ್ ಸುಳ್ಳಿರಲಿಕ್ಕಿಲ್ಲ. ಕೆಲವು ಕಾರಲ್ಲಿ ಡಿಸ್ಕಿನ ನಡುವೆ ಟೋಪಿ ಥರ ಉಬ್ಬಿರೋ ಭಾಗದ ಒಳಗಡೆ ಒಂದು ಪುಟ್ಟ ಡ್ರಮ್ ಇರತ್ತೆ, ಕಾಲಿನ ಬ್ರೇಕ್ ಹೊರಗಿನ ಡಿಸ್ಕಿಗೆ, ಹ್ಯಾಂಡ್‌ಬ್ರೇಕ್ ಈ ಒಳಗಿನ ಡ್ರಮ್ಮಿಗೆ. ನಿಮ್ಮದು ಆ ಥರದ್ದು.

ಅವರು ಹೇಳಿದ್ದು ಮಾತ್ರ ಅರ್ಧ ಸತ್ಯ. ಕಾಲಿನ ಬ್ರೇಕ್ ಆದ್ರೆ ಓಡ್ತಾ ಓಡ್ತಾ ಕೂರತ್ತೆ, ದಿನಾ ಉಜ್ಜತ್ತಲ್ಲ. ಈ ಶೂಗಳು ಕಾರು ನಿಂತಾಗ ಮಾತ್ರ ಡ್ರಮ್ಮಿಗೆ ತಾಗೋದು, ನಿಂತ ಚಕ್ರಕ್ಕೆ ಒತ್ತಿದ್ರೆ ಉಜ್ಜೋದೆಲ್ಲಿಂದ ಬಂತು? ಅದಕ್ಕೇ ಹೊಸ ಶೂ ಹಾಕಿದ ಮೇಲೆ ಹೀಗೆ ಹೀಗೆ ಓಡಿಸಿ ಕೂರಿಸಿ ಅಂತ ತಯಾರಕರು ಒಂದು ವಿಧಾನ ಕೊಟ್ಟಿರ್ತಾರೆ, ಅದನ್ನ ಗ್ಯಾರೇಜಿನವರೇ ಮಾಡಿ ಕೊಡ್ಬೇಕು, ಕೇಳಿ ಪಡ್ಕೊಳ್ಳಿ. ಇವು ಸವೆದು ಹೋಗೋದು ಅಪರೂಪ, ತುಕ್ಕಿಗೆ ಲೈನಿಂಗ್ ಬಿಟ್ಟು ಬರೋದು, ಹಿಡಿದಿಡೋ ಸಣ್ಣ ಸ್ಪ್ರಿಂಗ್ ಕಳಚಿ ಒಳಗೆ ಟಣಟಣ ಅನ್ನೋದೇ ಜಾಸ್ತಿ.

ಕಿರ್ ಕಿರ್ ಸದ್ದಿಗೆ ಇನ್ನೊಂದು ಕಾರಣ ಇದೆ. ಶೂ ಪಕ್ಕದ ಅಂಚು ಹಿಂದಿನ ತಟ್ಟೆ ಮೇಲೆ ಕೆಲವು ಉಬ್ಬಿದ ಜಾಗಗಳಲ್ಲಿ ಜಾರತ್ತೆ, ಅಲ್ಲಿ ಶಾಖ ತಡೆಯೋ ಬ್ರೇಕ್ ಗ್ರೀಸ್ ಉಗುರಿನಲ್ಲಿ ತೆಗೆದಷ್ಟು ಸವರ್ಬೇಕು. ಸವರದಿದ್ರೆ ಕಿರುಗುಟ್ಟತ್ತೆ, ಜಾಸ್ತಿ ಸವರಿದ್ರೆ ಲೈನಿಂಗಿಗೆ ಹತ್ತಿ ಬ್ರೇಕೇ ಹಿಡಿಯಲ್ಲ. ಸದ್ದು ನಿಲ್ಲಿಸಕ್ಕೆ ಡಬ್ಬಿ ಸ್ಪ್ರೇ ಎಣ್ಣೆನ ಸಂದಿಯಿಂದ ಹೊಡೆಯೋ ಪುಣ್ಯಾತ್ಮರಿದಾರೆ, ಸದ್ದು ನಿಲ್ಲತ್ತೆ ಹೌದು, ಕಾರು ನಿಲ್ಲಲ್ಲ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಮೊದಲು ಕಟಕಟ ಅಂತಿದ್ದ ಲಿವರ್ ಈಗ ಸದ್ದೇ ಮಾಡಲ್ಲ, ನಯವಾಗಿ ಮೇಲೆ ಬರತ್ತೆ. ಒಳ್ಳೇದೇ ಅಲ್ವಾ?

ಅಲ್ಲ! ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ. ಕ್ಲಿಕ್ ಇಲ್ಲ ಅಂದ್ರೆ ಕೊಕ್ಕೆ ಹಲ್ಲಿಗೆ ಸಿಗ್ತಿಲ್ಲ, ಹಲ್ಲು ಸವೆದಿರ್ಬಹುದು, ಕೊಕ್ಕೆಯ ಸ್ಪ್ರಿಂಗ್ ಹೋಗಿರ್ಬಹುದು, ಬಟನ್ ಒಳಗೇ ಸಿಕ್ಕಿಕೊಂಡಿರ್ಬಹುದು. ಈಗ ನಿಂತಂಗೆ ಕಂಡ ಲಿವರ್ ನೀವು ಇಳಿದು ಬಾಗಿಲು ಹಾಕಿದ ಅದುರಿಗೆ ಜಾರಿ ಕೆಳಗೆ ಹೋಗಬಹುದು. ನಯವಾಗಿ ಬರೋದರ ಜತೆಗೆ ಕೈಗೆ ಬಿಗಿಯೇ ಸಿಗ್ತಿಲ್ಲ ಅಂದ್ರೆ ಕೇಬಲ್ ತುಂಡಾಗಿದೆ. ವಿಶ್ವಸಂಸ್ಥೆಯ 13-ಎಚ್ ವಾಹನ ನಿಯಮದ ಪ್ರಕಾರ ಪಾರ್ಕಿಂಗ್ ಬ್ರೇಕ್ ಒಂದೇ, ಬೇರೆ ಯಾವ ಸಹಾಯ ಇಲ್ಲದೆ, ಪೂರ್ತಿ ಲೋಡ್ ಇರೋ ಕಾರನ್ನ 20% ಇಳಿಜಾರಲ್ಲಿ, ಅಂದ್ರೆ 100 ಮೀಟರಿಗೆ 20 ಮೀಟರ್ ಏರೋ ರಸ್ತೇಲಿ ನಿಲ್ಲಿಸ್ಬೇಕು, ಅದಕ್ಕೆ ಕೈಯಿಂದ 400 ನ್ಯೂಟನ್, ಸುಮಾರು 40 ಕೆಜಿಗಿಂತ ಜಾಸ್ತಿ ಎಳೆಯೋ ಹಾಗಿರಬಾರದು. ನಿಮ್ಮದು ಈಗ ಅದರ ಹತ್ತಿರಾನೂ ಇಲ್ಲ. ಸರಿ ಮಾಡಿಸೋ ತನಕ ಸಮತಟ್ಟಲ್ಲೇ ನಿಲ್ಲಿಸಿ, ಗೇರ್ ಹಾಕಿ, ಚಕ್ರಕ್ಕೆ ಕಟ್ಟೆ ಕೊಡಿ, ಮಕ್ಕಳನ್ನ ಒಳಗೆ ಬಿಟ್ಟು ಇಳೀಬೇಡಿ.

ಪ್ರಶ್ನೆ: ನಾನು ಏಳನೇ ಕ್ಲಾಸು. ಬಸ್ಸು ಲಾರಿ ನಿಲ್ಲಿಸಿದಾಗ ಉಸ್ಸ್ ಅಂತ ಜೋರಾಗಿ ಸದ್ದು ಬರತ್ತಲ್ಲ, ಕಾರಲ್ಲಿ ಯಾಕೆ ಬರಲ್ಲ?

ಒಳ್ಳೇ ಪ್ರಶ್ನೆ ಪುಟ್ಟಾ. ಅವಕ್ಕೆ ಇರೋದು ಗಾಳಿ ಬ್ರೇಕು. ಕಾರಲ್ಲಿ ನಾವು ಎಳೆದ್ರೆ ಬ್ರೇಕ್ ಹಿಡಿಯತ್ತೆ, ಅಲ್ಲಿ ತದ್ವಿರುದ್ಧ, ದೊಡ್ಡ ಸ್ಪ್ರಿಂಗ್ ಯಾವಾಗ್ಲೂ ಬ್ರೇಕ್ ಹಿಡಿಯಕ್ಕೇ ನೋಡ್ತಿರತ್ತೆ, ಓಡುವಾಗ ಒತ್ತಡದ ಗಾಳಿ ಅದನ್ನ ಹಿಂದಕ್ಕೆ ತಳ್ಳಿ ಹಿಡಿದಿರತ್ತೆ, ಟ್ಯಾಂಕಲ್ಲಿ ಆ ಒತ್ತಡ ಸುಮಾರು 8 ಬಾರ್, ನಮ್ಮ ಸುತ್ತ ಇರೋ ಗಾಳಿ ಒತ್ತಡದ ಎಂಟು ಪಟ್ಟು. ಡ್ರೈವರ್ ಪಾರ್ಕಿಂಗ್ ಬ್ರೇಕ್ ಹಾಕಿದಾಗ ಸ್ಪ್ರಿಂಗ್ ಹತ್ತಿರದ ಗಾಳಿನ ಹೊರಗೆ ಬಿಡ್ತಾರೆ, ಉಸ್ಸ್, ಸ್ಪ್ರಿಂಗ್ ಬ್ರೇಕ್ ಹಿಡಿಯತ್ತೆ. ಪೈಪ್ ತೂತಾಗಿ ಗಾಳಿ ಎಲ್ಲಾ ಹೋದ್ರೂ ಬ್ರೇಕ್ ತಾನೇ ಬೀಳತ್ತೆ, ಅದಕ್ಕೇ ಹಾಗೆ ಮಾಡಿರೋದು. ಓಡ್ತಾ ಇರುವಾಗ್ಲೂ ಮಧ್ಯೆ ಮಧ್ಯೆ ಪಿಸ್ ಅನ್ನೋದು ಕೇಳಿರ್ತೀಯ, ಅದು ಬ್ರೇಕಲ್ಲ, ಟ್ಯಾಂಕ್ ತುಂಬಿತು ಅಂತ ಗಾಳಿ ಒಣಗಿಸೋ ಡಬ್ಬಿ ತನ್ನೊಳಗಿನ ನೀರನ್ನ ಊದಿ ಹೊರಗೆ ಹಾಕೋದು.